ದುಭಾಷಿ: ಅಳಿಯ ಇದ್ದರೆ ಸಾಲದೇ?

ಎರಡು ಭಾಷೆ ಬಲ್ಲವನು ದುಭಾಷಿ. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ಬಳಿ ಇದ್ದ ಆನಂದರಂಗ ಪಿಳ್ಳೆಯಂಥ ಹಳೆಯ ದುಭಾಷಿಗಳು ಮಾತು ದಾಟಿಸುವುದರ ಜೊತೆಗೆ ವ್ಯಾಪಾರವನ್ನೂ ಕುದುರಿಸುತ್ತಿದ್ದರು. ಅಮೆರಿಕದ ಆಸ್ಪತ್ರೆಗಳಲ್ಲಿ ಇಂಗ್ಲಿಷ್ ಬಾರದ ರೋಗಿಗೆ ಒದಗಿಸುವ ದುಭಾಷಿ ಇದಕ್ಕೆ ತದ್ವಿರುದ್ಧ. ರೋಗಿ ಮತ್ತು ವೈದ್ಯರ ಮಾತಿನಲ್ಲಿ ಅವರಿಗೆ ಪಾಲಿಲ್ಲ. ಕೂಡಿಸದೆ, ಕಳೆಯದೆ, ಆಡಿದ್ದನ್ನು ಆಗಲೇ ಇನ್ನೊಂದು ಭಾಷೆಯಲ್ಲಿ ಹೇಳಬೇಕು. ರೋಗಿ ‘ನನಗೆ ನೋವಿದೆ’ ಎಂದರೆ ದುಭಾಷಿಯೂ ‘ನನಗೆ ನೋವಿದೆ’ ಎನ್ನುತ್ತಾರೆಯೇ ಹೊರತು ‘ಅವರಿಗೆ ನೋವಂತೆ’ ಎನ್ನುವುದಿಲ್ಲ. ಮೊದಲ ಸಲ ಕೇಳಿದವರಿಗೆ ಇದು ವಿಚಿತ್ರವೆನಿಸುತ್ತದೆ.

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದ ತಾಯಿಯೊಬ್ಬರು ವೈದ್ಯರೆದುರು ‘ಎದೆಯಲ್ಲಿ ಏನೋ ಸಂಕಟ’ ಎಂದರು ಎನ್ನಿ. ಅಳಿಯನೇ ಜೊತೆಗಿದ್ದರೆ ‘ಗ್ಯಾಸ್ಟ್ರಿಕ್’ ಎಂದು ಮುಗಿಸಿಬಿಟ್ಟಾನು. ಸಂಕಟವೆಂದರೆ ದುಃಖವೋ, ಹೊಟ್ಟೆ ತೊಳಸುವುದೋ, ಹೃದಯದ ತೊಂದರೆಯೋ? ಪಳಗಿದ ದುಭಾಷಿ ತಾನೇ ತೀರ್ಮಾನಿಸುವುದಿಲ್ಲ. ‘ಈ ಪದಕ್ಕೆ ಹಲವು ಅರ್ಥ, ವಿಚಾರಿಸಲೇ?’ ಎಂದು ವೈದ್ಯರನ್ನು ಕೇಳುತ್ತಾರೆ. ‘ಉಷ್ಣ ಆಗಿದೆ’ ಎಂಬ ಮಾತಿನ ಪಾಡೂ ಇದೇ. ಪದಕ್ಕೆ ಪದ ಇಟ್ಟರೆ ವೈದ್ಯರು ಜ್ವರವೆಂದು ತಿಳಿದಾರು. ಅದಿರಲಿ, ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ರಕ್ತ ಕಾಣಿಸಿಕೊಂಡಿದೆ ಎಂದು ಅಳಿಯನ ಎದುರು ಯಾವ ಅತ್ತೆ ಬಾಯಿ ಬಿಡುತ್ತಾಳೆ?

ಒಂದು ಪದ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 1980ರ ಫ್ಲಾರಿಡಾದ ಪ್ರಕರಣವನ್ನು ದುಭಾಷಿಗಳು ಇಂದಿಗೂ ನೆನೆಯುತ್ತಾರೆ. ಪ್ರಜ್ಞೆ ತಪ್ಪಿದ 18 ವರ್ಷದ ಹುಡುಗನ ಬಗ್ಗೆ ಮನೆಯವರು ಸ್ಪ್ಯಾನಿಷ್‌ನಲ್ಲಿ ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗಿಲ್ಲ ಎಂಬುದು ಅವರ ಅರ್ಥ. ಆಸ್ಪತ್ರೆಯವರು ಮಾದಕ ವಸ್ತು ಸೇವಿಸಿದ್ದಾನೆಂದು ಚಿಕಿತ್ಸೆ ಕೊಟ್ಟರು. ಆಗಿದ್ದದ್ದು ಮಿದುಳಿನ ರಕ್ತಸ್ರಾವ. ಹುಡುಗನ ಕೈಕಾಲುಗಳೆಲ್ಲ ಸ್ವಾಧೀನ ಕಳೆದುಕೊಂಡವು.

ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಭಾಷೆಯ ಕಾರಣಕ್ಕೆ ರೋಗಿಯನ್ನು ಕಡೆಗಣಿಸುವಂತಿಲ್ಲ ಎಂಬ ವಾದಕ್ಕೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಬುಡ. 2010ರ ಆರೋಗ್ಯ ಕಾಯ್ದೆಯಡಿ ಬಂದ ನಿಯಮಗಳು ಅದನ್ನು ಬಿಗಿಗೊಳಿಸಿದವು: ಅರ್ಹ ದುಭಾಷಿಯೇ ಬೇಕು, ಖರ್ಚು ರೋಗಿಯದಲ್ಲ, ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚುವಂತಿಲ್ಲ. ಕನ್ನಡದಂಥ ಭಾಷೆಗೆ ದುಭಾಷಿ ಎದುರಿಗೇ ಬರುವುದಕ್ಕಿಂತ ಫೋನಿನಲ್ಲೋ ವಿಡಿಯೊದಲ್ಲೋ ಸಿಗುವ ಸಂಭವವೇ ಹೆಚ್ಚು. ಭೇಟಿಯ ಸಮಯ ಗೊತ್ತುಮಾಡುವಾಗಲೇ ಕೇಳಿಬಿಡಿ. ‘ಇಂಡಿಯನ್’ ಎಂದಷ್ಟೇ ಹೇಳಿದರೆ ಆ ಕಡೆಯಿಂದ ಹಿಂದಿ ಕೇಳಿಸೀತು. ‘ಕನ್ನಡ’ ಎಂದಾಗ ಅವರು ಕೆನಡಾ ಎಂದುಕೊಂಡರೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ.