ಹಸುಗೂಸಿನ ಕರುಳಿಗೆ ಮೊದಲು ಬರುವವರು

ಹೆರಿಗೆ ನೋವಿನಲ್ಲಿರುವ ತಾಯಿಯ ರಕ್ತನಾಳಕ್ಕೆ ಕೊಟ್ಟ ಪೆನಿಸಿಲಿನ್ ಜರಾಯುವನ್ನು ದಾಟಿ ಮಗುವಿನ ರಕ್ತ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಕೆಲವೇ ನಿಮಿಷಗಳಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಮಗು ಮೊದಲ ಉಸಿರೆಳೆಯುವ ಮುನ್ನ, ಮೊದಲ ತೊಟ್ಟು ಹಾಲು ನುಂಗುವ ಮುನ್ನವೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧ ಅದರ ಮೈಯಲ್ಲಿ ಹರಿಯುತ್ತಿರುತ್ತದೆ. ಹಾಗೆ ಹರಿಯಲಿ ಎಂದೇ ವೈದ್ಯರು ಅದನ್ನು ಕೊಟ್ಟಿರುತ್ತಾರೆ.

ಅದಕ್ಕೆ ಬಲವಾದ ಕಾರಣವಿದೆ. ಗರ್ಭಿಣಿಯರಲ್ಲಿ ಹತ್ತಕ್ಕೆ ಒಬ್ಬರಿಂದ ಮೂವರ ತನಕ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಯಾವ ತೊಂದರೆಯೂ ಇಲ್ಲದೆ ಹೊತ್ತಿರುತ್ತಾರೆ. ಹೆರಿಗೆಯ ವೇಳೆ ಅದು ಸುಮಾರು ಅರ್ಧದಷ್ಟು ಶಿಶುಗಳಿಗೆ ದಾಟುತ್ತದೆ. ದಾಟಿದರೂ ಹೆಚ್ಚಿನ ಶಿಶುಗಳಿಗೆ ಏನೂ ಆಗುವುದಿಲ್ಲ. ನೂರಕ್ಕೆ ಒಂದೆರಡು ಶಿಶುಗಳಲ್ಲಿ ಮಾತ್ರ ಅದು ರಕ್ತಕ್ಕೆ, ಶ್ವಾಸಕೋಶಕ್ಕೆ, ಕೆಲವೊಮ್ಮೆ ಮಿದುಳಿನ ಪೊರೆಗೆ ನುಗ್ಗುತ್ತದೆ. ಆಗ ಜೀವ ಉಳಿಸಿಕೊಳ್ಳುವುದೇ ದೊಡ್ಡ ಹೋರಾಟ. ಅಮೆರಿಕದಲ್ಲಿ 1990ರಲ್ಲಿ ಪ್ರತಿ 1,000 ಜನನಗಳಿಗೆ 1.8ರಷ್ಟಿದ್ದ ಈ ಸೋಂಕು 2015ರ ಹೊತ್ತಿಗೆ 0.23ಕ್ಕೆ ಇಳಿದಿತ್ತು. ಗರ್ಭಿಣಿಯರನ್ನು ಪರೀಕ್ಷಿಸಿ, ಬ್ಯಾಕ್ಟೀರಿಯಾ ಹೊತ್ತವರಿಗೆ ಹೆರಿಗೆಯ ಹೊತ್ತಿನಲ್ಲಿ ಪೆನಿಸಿಲಿನ್ ಕೊಟ್ಟದ್ದರಿಂದ ಆದ ಲಾಭ ಇದು. ಹೆರಿಗೆ ಕೋಣೆಯ ಆ್ಯಂಟಿಬಯೋಟಿಕ್ ಬಗ್ಗೆ ಏನೇ ಬರೆಯುವುದಿದ್ದರೂ ಈ ಅಂಕಿಯನ್ನು ಮೊದಲು ಬರೆಯಬೇಕು ಎಂದು ನನಗೆ ಅನಿಸುತ್ತದೆ. ಇಲ್ಲವಾದರೆ ಹೆದರಿದ ತಾಯಿಯೊಬ್ಬಳು ಬೇಕಾದ ಔಷಧವನ್ನೇ ಬೇಡವೆಂದಾಳು.

ಸಿಸೇರಿಯನ್ ಆಗುವ ತಾಯಂದಿರಿಗೆ ಹೊಟ್ಟೆ ಕೊಯ್ಯುವ ಮುನ್ನ ಒಂದು ಡೋಸ್ ಕೊಡುವುದು ವಾಡಿಕೆ. ಮೂರನೆಯ ಸಂದರ್ಭ ಹುಟ್ಟಿದ ಮೇಲಿನದು. ಮಗು ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಿದೆ, ಉಸಿರು ವೇಗವಾಗಿದೆ ಎಂದರೆ ರಕ್ತದ ನಂಜು ಇರಬಹುದೆಂಬ ಶಂಕೆಯ ಮೇಲೆ ನೇರವಾಗಿ ಮಗುವಿಗೇ ಔಷಧ ಶುರುವಾಗುತ್ತದೆ. ಈ ಮೂರನ್ನೂ ‘ಹುಟ್ಟಿದಾಗ ಕೊಟ್ಟ ಆ್ಯಂಟಿಬಯೋಟಿಕ್’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ಅವುಗಳ ಪರಿಣಾಮ ಒಂದೇ ಅಲ್ಲ. ಅದನ್ನು ತಿಳಿಯಲು ಮಗುವಿನ ಕರುಳಿನಲ್ಲಿ ಆ ದಿನಗಳಲ್ಲಿ ಏನು ನಡೆಯುತ್ತಿರುತ್ತದೆ ಎಂದು ನೋಡಬೇಕು.

ಆಗ ತಾನೇ ಹುಟ್ಟಿದ ಮಗುವಿನ ಕರುಳಿನಲ್ಲಿ ಆಮ್ಲಜನಕವಿರುತ್ತದೆ. ದೊಡ್ಡವರ ಕರುಳಿನಲ್ಲಿ ತುಂಬಿರುವ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೇ ವಿಷ. ಹೀಗಾಗಿ ಮೊದಲು ಅಲ್ಲಿಗೆ ಕಾಲಿಡುವುವು ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಇ. ಕೋಲಿ, ಎಂಟರೊಕಾಕಸ್‌ನಂಥವು. ಅವು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮೇಲೆ ಬಿಫಿಡೊಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡೀಸ್ ಮುಂತಾದವು ನೆಲೆಯೂರುತ್ತವೆ. ಒಬ್ಬರು ನೆಲ ಹದಮಾಡಿಕೊಟ್ಟ ಮೇಲೆ ಇನ್ನೊಬ್ಬರು ಬಿತ್ತುವ ಹಾಗೆ, ಇಲ್ಲಿ ಯಾರು ಬರುತ್ತಾರೆ ಎಂಬುದರಷ್ಟೇ ಯಾವ ಕ್ರಮದಲ್ಲಿ ಬರುತ್ತಾರೆ ಎಂಬುದೂ ಮುಖ್ಯ.

ಈ ಪುಟ್ಟ ಜೀವಿಗಳ ಪರಿಚಯ ನಮಗಾದದ್ದೇ ಶಿಶುಗಳ ಮಲದಿಂದ. ಜರ್ಮನ್ ಮೂಲದ ಮಕ್ಕಳ ವೈದ್ಯ ಥಿಯೋಡರ್ ಎಶೆರಿಕ್ 1885ರಲ್ಲಿ ಹಸುಗೂಸುಗಳ ಮಲದಲ್ಲಿ ಕಂಡ ಬ್ಯಾಕ್ಟೀರಿಯಾವನ್ನು ವಿವರಿಸಿದ. ಮುಂದೆ ಅವನ ಹೆಸರನ್ನೇ ಹೊತ್ತ ಎಶೆರಿಕಿಯಾ ಕೋಲಿ ಅದು. 1899ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ, ಎದೆಹಾಲು ಕುಡಿಯುವ ಮಗುವಿನ ಮಲದಿಂದ ಕವಲೊಡೆದ ಆಕಾರದ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿದ. ಅದೇ ಬಿಫಿಡೊಬ್ಯಾಕ್ಟೀರಿಯಂ. ಎದೆಹಾಲಿನ ಮಕ್ಕಳಲ್ಲಿ ಇದು ಅಷ್ಟೊಂದು ಇರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಹಿಡಿದವು. ಆ ಉತ್ತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚು ಇರುವ ಘನಾಂಶ ಒಲಿಗೋಸ್ಯಾಕರೈಡ್ ಎಂಬ ಸಕ್ಕರೆ ಸರಪಳಿಗಳು. ಲೀಟರಿಗೆ 5ರಿಂದ 15 ಗ್ರಾಂ ತನಕ ಇರುತ್ತವೆ. ಮಗುವಿಗೆ ಇವನ್ನು ಜೀರ್ಣಿಸಿಕೊಳ್ಳುವ ಕಿಣ್ವಗಳೇ ಇಲ್ಲ. ಬಾಣಂತಿಯ ದೇಹ ಇಷ್ಟು ಶ್ರಮಪಟ್ಟು ತಯಾರಿಸುವ ಈ ಸಕ್ಕರೆ ಮಗುವಿನ ಹೊಟ್ಟೆ, ಸಣ್ಣಕರುಳುಗಳನ್ನು ಹಾದು ಹಾಗೆಯೇ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿ ಅದಕ್ಕಾಗಿ ಕಾದಿರುವುದು ಬಿಫಿಡೊಬ್ಯಾಕ್ಟೀರಿಯಂ. ಅದರ ಕೆಲವು ತಳಿಗಳಲ್ಲಿ ಈ ಸರಪಳಿಗಳನ್ನು ಒಳಗೆಳೆದುಕೊಂಡು ಕತ್ತರಿಸುವ ಸಲಕರಣೆಗಳೆಲ್ಲ ಇವೆ. ಅಂದರೆ ತಾಯಿ ಉಣಿಸುವುದು ಮಗುವಿಗೆ ಮಾತ್ರವಲ್ಲ, ಮಗುವಿನ ಒಳಗಿರುವ ಈ ಜೀವಿಗಳಿಗೂ ಹೌದು. ತಿಂದದ್ದಕ್ಕೆ ಪ್ರತಿಯಾಗಿ ಅವು ಅಸಿಟೇಟ್, ಲ್ಯಾಕ್ಟೇಟ್‌ಗಳನ್ನು ಬಿಡುಗಡೆ ಮಾಡಿ ಕರುಳನ್ನು ಆಮ್ಲೀಯವಾಗಿಸುತ್ತವೆ. ಆ ಹುಳಿಯಲ್ಲಿ ಅನೇಕ ರೋಗಕಾರಕಗಳು ಬೆಳೆಯಲಾರವು. ಇನ್ನೂ ಕಲಿಯುತ್ತಿರುವ ರೋಗನಿರೋಧಕ ವ್ಯವಸ್ಥೆಗೆ ಯಾವುದಕ್ಕೆ ಸಿಡಿದೇಳಬೇಕು, ಯಾವುದನ್ನು ಸಹಿಸಬೇಕು ಎಂಬ ಸುಳಿವುಗಳೂ ಇವುಗಳಿಂದಲೇ ಹೋಗುತ್ತವೆ.

ಈ ಹೊತ್ತಿನಲ್ಲಿ ಆ್ಯಂಟಿಬಯೋಟಿಕ್ ಬಂದರೆ ಏನಾಗುತ್ತದೆ? ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸವನ್ನು ತಡೆಯುತ್ತದೆ. ಅದರ ಗುರಿ ಸ್ಟ್ರೆಪ್ಟೊಕಾಕಸ್. ಆದರೆ ಬಿಫಿಡೊಬ್ಯಾಕ್ಟೀರಿಯಂನ ಗೋಡೆಯೂ ಅದೇ ಬಗೆಯದು. ಔಷಧಕ್ಕೆ ಮಿತ್ರ ಯಾರು, ಶತ್ರು ಯಾರು ಎಂಬುದು ತಿಳಿಯದು. ಅತ್ತ ಕ್ಲೆಬ್ಸಿಯೆಲ್ಲಾದಂಥ ಜೀವಿಗಳಿಗೆ ಹೊರಗೊಂದು ಪೊರೆ ಬೇರೆ ಇದೆ. ಪೆನಿಸಿಲಿನ್ ಬಳಗದ ಆಂಪಿಸಿಲಿನ್ ಅನ್ನು ಒಡೆದುಹಾಕುವ ಕಿಣ್ವವೂ ಅವುಗಳ ಬಳಿ ಇದೆ. ಹಾಲನ್ನು ಚೆನ್ನಾಗಿ ಬಳಸಬಲ್ಲವರು ಅಳಿದು, ಆಸ್ಪತ್ರೆಯಲ್ಲಿ ಪಳಗಿದವರು ಉಳಿದುಕೊಳ್ಳುತ್ತಾರೆ.

ಇದನ್ನು ಸ್ಪಷ್ಟವಾಗಿ ತೋರಿಸಿದ್ದು ನೆದರ್ಲೆಂಡ್ಸ್‌ನ ಒಂದು ಪ್ರಯೋಗ. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೊದಲ ವಾರದಲ್ಲಿ ನಂಜಿನ ಶಂಕೆಯಿಂದ ಆ್ಯಂಟಿಬಯೋಟಿಕ್ ಪಡೆದ 147 ಶಿಶುಗಳನ್ನು, ಔಷಧ ಪಡೆಯದ 80 ಶಿಶುಗಳೊಂದಿಗೆ ಹೋಲಿಸಲಾಯಿತು. ಔಷಧ ಪಡೆದವರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಮೂರು ಬೇರೆ ಬೇರೆ ಔಷಧ ಜೋಡಿಗಳನ್ನು ಕೊಟ್ಟಿದ್ದರು. ಮೂರರಲ್ಲೂ ಬಿಫಿಡೊಬ್ಯಾಕ್ಟೀರಿಯಂ ಕುಗ್ಗಿ ಕ್ಲೆಬ್ಸಿಯೆಲ್ಲಾ, ಎಂಟರೊಕಾಕಸ್ ಹೆಚ್ಚಿದ್ದವು. ಔಷಧವನ್ನು ಸೋಲಿಸಬಲ್ಲ ನಿರೋಧಕ ಜೀನ್‌ಗಳ ಚಿತ್ರಣವೂ ಬದಲಾಗಿತ್ತು. ಆದರೆ ಏರುಪೇರಿನ ಪ್ರಮಾಣ ಒಂದೇ ಇರಲಿಲ್ಲ. ಅಮಾಕ್ಸಿಸಿಲಿನ್ ಮತ್ತು ಸೆಫೊಟ್ಯಾಕ್ಸಿಮ್ ಜೋಡಿ ಅತಿ ಹೆಚ್ಚು ಕೆಡಿಸಿತು, ಪೆನಿಸಿಲಿನ್ ಮತ್ತು ಜೆಂಟಾಮೈಸಿನ್ ಜೋಡಿ ಅತಿ ಕಡಿಮೆ. ಅದೇ ಶಂಕೆ, ಅದೇ ಚಿಕಿತ್ಸೆ. ಯಾವ ಶೀಶೆಯನ್ನು ಕೈಗೆತ್ತಿಕೊಂಡರು ಎಂಬುದರ ಗುರುತು ಮಾತ್ರ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿದುಕೊಂಡಿತು.

ಸಿಸೇರಿಯನ್ ವಿಷಯ ಇಷ್ಟು ನೇರವಲ್ಲ. ಬ್ರಿಟನ್ನಿನ 596 ಶಿಶುಗಳ ಮಲವನ್ನು ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ಸಿಸೇರಿಯನ್ ಮಕ್ಕಳಲ್ಲಿ ತಾಯಿಯಿಂದ ಬರಬೇಕಾದ ಬ್ಯಾಕ್ಟೀರಾಯ್ಡೀಸ್ ಬಹಳ ಕಡಿಮೆಯಿತ್ತು, ಆಸ್ಪತ್ರೆಯ ಬ್ಯಾಕ್ಟೀರಿಯಾಗಳು ಹೆಚ್ಚಿದ್ದವು. ಆದರೆ ಆ ತಾಯಂದಿರೆಲ್ಲ ಆ್ಯಂಟಿಬಯೋಟಿಕ್ ಪಡೆದಿದ್ದವರೇ. ಆದ್ದರಿಂದ ಕೊರತೆಗೆ ಕಾರಣ ಔಷಧವೋ, ತಾಯಿಯ ಕರುಳಿನ ಜೀವಿಗಳು ಮೈಗೆ ಸೋಕದೆ ಮಗು ಹೊರಬಂದದ್ದೋ ಎಂದು ಅಲ್ಲಿಯೇ ಬಿಡಿಸಿ ಹೇಳುವಂತಿಲ್ಲ. ಹಿಂದೆ ಈ ಡೋಸನ್ನು ಮಗುವಿಗೆ ತಲುಪದಿರಲಿ ಎಂದು ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುತ್ತಿದ್ದರು. ಕೊಯ್ಯುವ ಮುನ್ನ ಕೊಟ್ಟರೆ ತಾಯಿಗೆ ಸೋಂಕು ಇನ್ನೂ ಕಡಿಮೆ ಎಂದು ಗೊತ್ತಾಗಿ ಪದ್ಧತಿ ಬದಲಾಯಿತು. ಬ್ರಿಟನ್ನಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಿಸೇರಿಯನ್ ಮಕ್ಕಳ ದಾಖಲೆಗಳನ್ನು ನೋಡಿದಾಗ, ಈ ಬದಲಾವಣೆಯಿಂದ ಅಸ್ತಮಾ ಆಗಲಿ ಎಸ್ಜಿಮಾ ಆಗಲಿ ಹೆಚ್ಚಿದ್ದು ಕಾಣಲಿಲ್ಲ. ತಾಯಿಗೆ ಕೊಟ್ಟ ಆ ಒಂದು ಡೋಸಿಗೆ ಹೆದರಬೇಕಿಲ್ಲ ಎಂಬುದು ನನ್ನ ತಿಳಿವಳಿಕೆ.

ನೇರವಾಗಿ ಮಗುವಿಗೆ ದಿನಗಟ್ಟಲೆ ಕೊಡುವ ಔಷಧದ ಬಗ್ಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಆಸ್ಟ್ರೇಲಿಯಾದಲ್ಲಿ 191 ಶಿಶುಗಳನ್ನು ಅನುಸರಿಸಿದ ಅಧ್ಯಯನವೊಂದು 2025ರಲ್ಲಿ ಹೊರಬಂತು. ಹುಟ್ಟಿದ ಹೊಸತರಲ್ಲಿ ಆ್ಯಂಟಿಬಯೋಟಿಕ್ ಪಡೆದ ಮಕ್ಕಳಲ್ಲಿ, ಏಳು ತಿಂಗಳ ವಯಸ್ಸಿಗೆ, ನ್ಯುಮೋಕಾಕಲ್ ಲಸಿಕೆಗೆ ಪ್ರತಿಕಾಯಗಳು ಕಡಿಮೆ ಹುಟ್ಟಿದ್ದವು. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಮಾತ್ರ ಕೊಟ್ಟಿದ್ದ ಪ್ರಕರಣಗಳಲ್ಲಿ ಈ ಕುಸಿತವಿರಲಿಲ್ಲ. ಕಡಿಮೆ ಪ್ರತಿಕಾಯಕ್ಕೂ ಕಡಿಮೆ ಬಿಫಿಡೊಬ್ಯಾಕ್ಟೀರಿಯಂಗೂ ನಂಟಿತ್ತು. ಇಲಿಗಳಿಗೆ ಆ ಬ್ಯಾಕ್ಟೀರಿಯಾವನ್ನು ಮರಳಿ ಕೊಟ್ಟಾಗ ಲಸಿಕೆಯ ಫಲ ಸುಧಾರಿಸಿತು.

ಫಿನ್ಲೆಂಡಿನಲ್ಲಿ 12,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದಾಗ, ಹುಟ್ಟಿದ ಹೊಸತರಲ್ಲಿ ಆ್ಯಂಟಿಬಯೋಟಿಕ್ ಪಡೆದ ಗಂಡುಮಕ್ಕಳು ಆರು ವರ್ಷದ ತನಕವೂ ತೂಕ, ಎತ್ತರಗಳಲ್ಲಿ ತುಸು ಹಿಂದಿದ್ದರು. ಔಷಧ ಪಡೆದ ಮಕ್ಕಳ ಮಲವನ್ನು ಬ್ಯಾಕ್ಟೀರಿಯಾರಹಿತ ಗಂಡು ಇಲಿಗಳಿಗೆ ವರ್ಗಾಯಿಸಿದರೆ ಅವುಗಳ ಬೆಳವಣಿಗೆಯೂ ಕುಂಠಿತವಾಯಿತು. ಅವಧಿಗೆ ಮುನ್ನ, ಒಂದು ಕಿಲೋಗಿಂತ ಕಡಿಮೆ ತೂಕದೊಂದಿಗೆ ಹುಟ್ಟಿದವರ ಪಾಡು ಇನ್ನೂ ನಾಜೂಕು. ಅಮೆರಿಕದಲ್ಲಿ ಅಂಥ 5,000ಕ್ಕೂ ಹೆಚ್ಚು ಶಿಶುಗಳ ದಾಖಲೆ ನೋಡಿದಾಗ, ರಕ್ತದಲ್ಲಿ ಸೋಂಕು ಸಿಗದಿದ್ದರೂ ಐದು ದಿನ ಅಥವಾ ಅದಕ್ಕಿಂತ ಹೆಚ್ಚು ಔಷಧ ಮುಂದುವರಿಸಿದವರಲ್ಲಿ ಕರುಳು ಕೊಳೆಯುವ ಭೀಕರ ಕಾಯಿಲೆ ಅಥವಾ ಸಾವು ಹೆಚ್ಚಿತ್ತು. ಇವೆಲ್ಲ ನಂಟುಗಳು, ಕಾರಣದ ಪುರಾವೆಗಳಲ್ಲ. ಹೆಚ್ಚು ಕಾಯಿಲೆಯಿದ್ದ ಮಗುವಿಗೇ ಹೆಚ್ಚು ದಿನ ಔಷಧ ಕೊಟ್ಟಿರಬಹುದು. ಆದರೂ ಬೇರೆ ಬೇರೆ ದೇಶಗಳಿಂದ ಬಂದ ಮಾಹಿತಿ ಒಂದೇ ದಿಕ್ಕಿಗೆ ಬೆರಳು ಮಾಡುತ್ತಿರುವಾಗ ಕಣ್ಣುಮುಚ್ಚಿ ಕೂರುವುದು ಸರಿಯಲ್ಲ.

ಹೋದದ್ದನ್ನು ಮರಳಿ ತರಬಹುದೇ? ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಮರಳುತ್ತದೆ. ಎದೆಹಾಲು ಇದ್ದರೆ ಬಿಫಿಡೊಬ್ಯಾಕ್ಟೀರಿಯಂಗೆ ಅದರ ಆಹಾರ ಸಿಗುತ್ತಲೇ ಇರುತ್ತದೆ. ಒಳ್ಳೆಯದಾಗಲೆಂದು ಹೊರಗಿನಿಂದ ಕೊಡುವ ಜೀವಂತ ಬ್ಯಾಕ್ಟೀರಿಯಾಗಳ, ಅಂದರೆ ಪ್ರೊಬಯೋಟಿಕ್‌ಗಳ ಕಥೆ ಮಾತ್ರ ಎರಡು ಮುಖದ್ದು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವಾರ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದಕ್ಕೆ ಬೇಕಾದ ಸಕ್ಕರೆಯನ್ನು ಕೊಟ್ಟಾಗ ನಂಜು ಅಥವಾ ಸಾವಿನ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಅವು ಹೆಚ್ಚುಕಡಿಮೆ ಅವಧಿ ತುಂಬಿ ಹುಟ್ಟಿದ, ಎದೆಹಾಲು ಕುಡಿಯುತ್ತಿದ್ದ, ಆರೋಗ್ಯವಂತ ಶಿಶುಗಳು. ಇನ್ನೊಂದೆಡೆ, ಅವಧಿಪೂರ್ವ ಶಿಶುವೊಂದರ ರಕ್ತಕ್ಕೆ ಪ್ರೊಬಯೋಟಿಕ್‌ನ ಬ್ಯಾಕ್ಟೀರಿಯಾವೇ ನುಗ್ಗಿ ಸಾವು ಸಂಭವಿಸಿದ ಮೇಲೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ಹೊರಡಿಸಿತು. ಅಂಗಡಿಯಲ್ಲಿ ಸಿಗುವ ಹನಿಗಳನ್ನು ಎಳೆಗೂಸಿಗೆ ತಾವಾಗಿ ಹಾಕುವ ಮುನ್ನ ಈ ಎರಡೂ ಸಂಗತಿಗಳು ನೆನಪಿರಲಿ.

ಹೀಗಿರುವಾಗ ಮರಳಿ ತರುವುದಕ್ಕಿಂತ, ಬೇಡದಷ್ಟು ಕಳೆಯದಿರುವುದೇ ಸುಲಭ. ಅದು ಗಂಟೆಗಳ ಲೆಕ್ಕದಲ್ಲಿದೆ. ನಂಜಿನ ಶಂಕೆಯಿಂದ ಔಷಧ ಪಡೆಯುವ ಶಿಶುಗಳಲ್ಲಿ ನಿಜಕ್ಕೂ ನಂಜಿರುವವರು ಸಣ್ಣ ಪಾಲು ಮಾತ್ರ. ಆದರೂ ಶಂಕೆ ಬಂದಾಗ ಕಾಯುವಂತಿಲ್ಲ. ಮೊದಲ ಡೋಸ್ ತಡವಾದರೆ ಮಗುವೇ ಉಳಿಯದಿರಬಹುದು. ಹಾಗಾಗಿ ರಕ್ತದ ಮಾದರಿ ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸಿ, ಕೂಡಲೇ ಔಷಧ ಶುರುಮಾಡುತ್ತಾರೆ. ರಕ್ತದಲ್ಲಿ ರೋಗಕಾರಕ ಇದ್ದರೆ ಬಹುಪಾಲು ಮೊದಲ 36 ಗಂಟೆಗಳೊಳಗೆ ಅದು ಬೆಳೆದು ಕಾಣಿಸಿಕೊಳ್ಳುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಹೇಳುವುದೂ ಅದನ್ನೇ: 36 ಗಂಟೆಗೆ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಮಗು ಲವಲವಿಕೆಯಿಂದಿದೆ, ಉಳಿದ ರಕ್ತಪರೀಕ್ಷೆಗಳೂ ಸರಿಯಿವೆ ಎಂದಾದರೆ ನಿಲ್ಲಿಸುವುದನ್ನು ಪರಿಗಣಿಸಿ. ಕಷ್ಟ ಇರುವುದು ಇಲ್ಲಿಯೇ. ಶುರುಮಾಡಲು ಒಂದು ಸಂಶಯ ಸಾಕು. ನಿಲ್ಲಿಸಲು ಮಗುವನ್ನು ಮತ್ತೆ ಮತ್ತೆ ನೋಡಬೇಕು, ಪ್ರಯೋಗಾಲಯದ ವರದಿ ಹೊತ್ತಿಗೆ ಸರಿಯಾಗಿ ಬರಬೇಕು, ಯಾರಾದರೊಬ್ಬರು ಹೊಣೆ ಹೊತ್ತು ಸಾಕು ಎನ್ನಬೇಕು. ಇನ್ನೆರಡು ದಿನ ಇರಲಿ ಎನ್ನುವುದು ಆ ಕ್ಷಣಕ್ಕೆ ಸುರಕ್ಷಿತವಾಗಿ ಕಾಣುತ್ತದೆ. ತಂದೆತಾಯಿ ಔಷಧ ಬೇಡವೆಂದು ಜಗಳಕ್ಕೆ ನಿಲ್ಲಬೇಕಿಲ್ಲ. ಕಲ್ಚರ್ ವರದಿ ಎಷ್ಟು ಹೊತ್ತಿಗೆ ಬರುತ್ತದೆ, ಏನೂ ಬೆಳೆಯದಿದ್ದರೆ ಯಾವಾಗ ನಿಲ್ಲಿಸುತ್ತೀರಿ ಎಂದು ಮೊದಲ ದಿನವೇ ವೈದ್ಯರನ್ನು ಕೇಳಿಟ್ಟುಕೊಳ್ಳಬಹುದು.