ಪ್ರತಿ ಬಟನ್‌ಗೂ ಫೋನ್ ನಡುಗಬೇಕಾ?

ಪ್ರಶ್ನೆ: ಕಲಬುರಗಿ ಗಂಜ್‌ನ ಅಡತ್ ಅಂಗಡಿಗಳಿಗಾಗಿ ತೊಗರಿ ಚೀಲಗಳ ತೂಕ ಬರೆದಿಡುವ ಆ್ಯಪ್ ಮಾಡುತ್ತಿದ್ದೇವೆ. ಪ್ರತಿ ಬಟನ್‌ಗೂ ವೈಬ್ರೇಷನ್ ಕೊಟ್ಟರೆ ಒಳ್ಳೇದು ಅಲ್ವಾ?

ಉತ್ತರ: ಪ್ರತಿಯೊಂದಕ್ಕೂ ಬೇಡ. ಆದರೆ ವೈಬ್ರೇಷನ್ ಬೇಕು ಅಂತ ನಿಮಗೆ ಹೊಳೆದದ್ದು ಸರಿ. ಹಮಾಲರ ಕೂಗು, ಲಾರಿ ಹಾರ್ನ್ ನಡುವೆ ಬೀಪ್ ಕೇಳಿಸುವುದಿಲ್ಲ. ನಮ್ಮ ಕಡೆ ಬಿಸಿಲಿಗೆ ಸ್ಕ್ರೀನ್ ಕಾಣುವುದೂ ಅಷ್ಟಕ್ಕಷ್ಟೇ. ಮೇಲಾಗಿ ಗುಮಾಸ್ತರ ಕಣ್ಣೆಲ್ಲ ತೂಕದ ಕಾಟಾದ ಮೇಲಿರುತ್ತದೆ. ಹಾಗಾದರೆ ನೋಡದೆಯೇ ಕೈಗೆ ತಿಳಿಯಬೇಕಾದ್ದು ಏನು? ತೂಕ ಸೇವ್ ಆಯಿತಾ, ಇಲ್ಲವಾ, ಅಷ್ಟೇ. ಆಯಿತು ಅಂದರೆ ಒಂದು ಚುಟುಕು ಮಿಡಿತ. ಆಗದಿದ್ದರೆ ಬಿಡುವು ಕೊಟ್ಟು ಎರಡು ಜೋರಾದವು. ಪ್ರತಿ ಅಂಕಿಗೂ ಸುಮ್ನೆ ನಡುಗಿಸಿದರೆ ಬೇಕಾದ ಮಿಡಿತವೇ ಅದರಲ್ಲಿ ಕಳೆದುಹೋಗುತ್ತದೆ.

ಜಾಸ್ತಿ ಜನ ಎಡವುವುದು ಮೋಟಾರಿನ ವಿಷಯದಲ್ಲಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬದಿಗೆ ಭಾರವಿರುವ ಪುಟ್ಟ ತಿರುಗುವ ಮೋಟಾರು ಇರುತ್ತದೆ. ಅದು ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು, ನಿಲ್ಲಲೂ ಬೇಕು. ನೀವು 10 ಮಿಲಿಸೆಕೆಂಡಿನ ಮಿಡಿತ ಬರೆದರೆ ಮೋಟಾರು ಏಳುವ ಮೊದಲೇ ಮುಗಿದಿರುತ್ತದೆ. ದುಬಾರಿ ಫೋನ್‌ಗಳಲ್ಲಿ ಸ್ಪ್ರಿಂಗಿಗೆ ಸೇರಿಸಿದ ತೂಕವೊಂದು ಹಿಂದೆ ಮುಂದೆ ಓಡಾಡುತ್ತದೆ. ತಟ್ಟನೆ ಶುರು, ತಟ್ಟನೆ ಬಂದ್. 2016ರ ಐಫೋನ್ 7ರ ಹೋಮ್ ಬಟನ್ ಒಳಗೆ ಹೋಗುತ್ತಲೇ ಇರಲಿಲ್ಲ. ಒತ್ತಿದಂತೆ ಅನಿಸುತ್ತಿದ್ದುದು ಈ ಬಗೆಯ ಮೋಟಾರಿನ ಕೈಚಳಕ. ಆದ್ದರಿಂದ ನಿಮ್ಮ ಹೊಸ ಫೋನ್ ಬದಿಗಿಟ್ಟು, ಗುಮಾಸ್ತರ ಫೋನಿನಲ್ಲೇ ಟೆಸ್ಟ್ ಮಾಡಿ.

ಆಂಡ್ರಾಯ್ಡ್ 11ರಿಂದ ‘ಕನ್‌ಫರ್ಮ್’, ‘ರಿಜೆಕ್ಟ್’ ಅನ್ನುವ ಸಿದ್ಧ ಮಿಡಿತಗಳಿವೆ. ಮಿಲಿಸೆಕೆಂಡ್ ಲೆಕ್ಕಕ್ಕೆ ಇಳಿಯುವ ಮುಂಚೆ ಅವನ್ನು ನೋಡಿ. ವೆಬ್ ಪುಟವಾಗಿ ಮಾಡುತ್ತೀರಾದರೆ, ವೆಬ್ಬಿನ ವೈಬ್ರೇಷನ್ ಸೌಲಭ್ಯ ಐಫೋನಿನ ಸಫಾರಿ ಬ್ರೌಸರಿನಲ್ಲಿ ಇಲ್ಲ.

ಇನ್ನು ಸಮಯ. ತೂಕ ನಿಜಕ್ಕೂ ಫೋನಿನಲ್ಲಿ ದಾಖಲಾದಾಗ ಮಾತ್ರ ‘ಆಯಿತು’ ಅನ್ನುವ ಮಿಡಿತ ಬರಲಿ. ಸರ್ವರ್ ಉತ್ತರಕ್ಕೆ ಕಾಯುತ್ತ ಕೂತರೆ ಗುಮಾಸ್ತರು ತಾಳ್ಮೆಗೆಟ್ಟು ಮತ್ತೆ ಒತ್ತುತ್ತಾರೆ. ಒಂದೇ ಚೀಲ ಎರಡು ಸಲ ಏರುತ್ತದೆ, ಸಂಜೆ ಲೆಕ್ಕ ಕೂಡುವಾಗ ಜಗಳ ಗ್ಯಾರಂಟಿ. ಫೋನನ್ನು ಚೀಲದ ಮೇಲಿಟ್ಟು ಒತ್ತುವವರಿಗೆ ಮಿಡಿತ ಸರಿಯಾಗಿ ತಿಳಿಯುವುದಿಲ್ಲ. ಕೆಲವರು ವೈಬ್ರೇಷನ್ ಪೂರ್ತಿ ಆಫ್ ಮಾಡಿರುತ್ತಾರೆ. ಅವರಿಗಾಗಿ ಕೊನೆಗೆ ಸೇವ್ ಆದ ತೂಕ ಸ್ಕ್ರೀನ್ ಮೇಲೆ ದಪ್ಪ ಅಂಕಿಯಲ್ಲಿ ಇರಲಿ.