ಗಾಡಿ ನಿಲ್ಲಿಸಿ, ಸ್ವಲ್ಪ ಕಾಯಿರಿ

ಎರಡು ವರ್ಷ ಎರಡು ತಿಂಗಳ ಹುಡುಗ, ಇನ್ನೂ ಮಾತು ಬಂದಿರಲಿಲ್ಲ. ಮಾತು ತಡವಾದ ಮಕ್ಕಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಪ್ಪ, ಅಮ್ಮ, ಅಜ್ಜಿ ಮೂವರೂ ಜೊತೆಗೆ ಬಂದಿದ್ದರು. ನನ್ನ ಕೋಣೆಯೊಳಗೆ ಕಾಲಿಟ್ಟವನು ಯಾರ ಮುಖವನ್ನೂ ನೋಡಲಿಲ್ಲ. ಮೂಲೆಯ ಬುಟ್ಟಿಯಲ್ಲಿ ಹಳದಿ ಜೆಸಿಬಿ ಕಂಡಿತು, ನೇರ ಅಲ್ಲಿಗೇ ಹೋದ. ಅಮ್ಮ ಹಿಂದೆಯೇ ಹೋಗಿ ಕೂತರು. "ಏನಿದು ಪುಟ್ಟಾ? ಹೇಳು, ಜೆ-ಸಿ-ಬಿ. ಆಂಟಿಗೆ ಹೇಳು. ಯಾವ ಕಲರ್? ಚಕ್ರ ಎಲ್ಲಿ? ಎಷ್ಟಿದೆ?" ಹುಡುಗ ಜೆಸಿಬಿ ಎತ್ತಿಕೊಂಡು ನಮಗೆಲ್ಲ ಬೆನ್ನು ಹಾಕಿ ಕೂತ.

ಪರೀಕ್ಷೆ ಶುರುವಾದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

"ಮನೇಲೂ ಬರೀ ಗಾಡಿ ಮೇಡಂ, ಬೇರೆ ಆಟಾನೇ ಇಲ್ಲ. ಮೊದ್ಲು ಮಾತು ಬರ್ಲಿ ಅಂತ ಎಲ್ಲಾ ಎತ್ತಿ ಅಟ್ಟದ ಮೇಲಿಟ್ಟಿದೀವಿ" ಎಂದರು ಅಪ್ಪ. ಈ ಮಾತನ್ನು ನಾನು ಆಗಾಗ ಕೇಳುತ್ತೇನೆ. ಕೇಳಿದಾಗಲೆಲ್ಲ ಹೇಳುವುದು ಒಂದೇ: ಇವತ್ತೇ ಅಟ್ಟದಿಂದ ಇಳಿಸಿ. ಮಗು ತಾನಾಗಿ ಕಣ್ಣು ಕೊಡುವ ವಸ್ತು ಒಂದಿದೆ ಎಂದರೆ ನನ್ನ ಅರ್ಧ ಕೆಲಸ ಆದಂತೆ. ಏನನ್ನೂ ಇಷ್ಟಪಡದ ಮಗುವಿನ ಜೊತೆ ಕೆಲಸ ಮಾಡುವುದು ಇದಕ್ಕಿಂತ ಎಷ್ಟೋ ಕಷ್ಟ.

ಇದು ವಿಚಿತ್ರ ಹುಚ್ಚೇನೂ ಅಲ್ಲ. ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಚ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಟ್ಟ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಯಾವುದಾದರೂ ಒಂದು ವಿಷಯದ ಮೇಲೆ ಇಂಥ ಗಾಢ ಮೋಹ ಇತ್ತು. ಅವರಲ್ಲಿ ಗಂಡು ಮಕ್ಕಳೇ ಜಾಸ್ತಿ, ಮತ್ತು ಗಾಡಿಗಳದ್ದೇ ಮೇಲುಗೈ. ಹಾಗಂತ ಹುಡುಗಿಯರಿಗೆ ಗಾಡಿ ಬೇಡ ಅಂತಲ್ಲ. ನನ್ನ ಬುಟ್ಟಿಯ ಕೆಂಪು ಬಸ್ಸಿನ ಕಿಟಕಿ ಕಿತ್ತವಳು ಒಬ್ಬ ಹುಡುಗಿಯೇ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಒಂದು ಹಲಗೆಯನ್ನು ಕುರ್ಚಿಗೆ ಓರೆಯಾಗಿ ಒರಗಿಸಿದೆ. ಅವನನ್ನು ಕರೆಯಲಿಲ್ಲ. ನನ್ನ ಪಾಡಿಗೆ ಒಂದು ಲಾರಿಯನ್ನು ಮೇಲೆ ಹಿಡಿದು "ಒಂದು... ಎರಡು... ಮೂರು!" ಎಂದು ಬಿಟ್ಟೆ. ಲಾರಿ ಜಾರಿ ಹೋಗಿ ಅವನ ಕಾಲಿಗೆ ತಾಗಿತು. ಎತ್ತಿ ಕೊಟ್ಟ. ಮತ್ತೆ ಅದೇ. ಮೂರು ಸಲ ಆಯಿತು. ನಾಲ್ಕನೇ ಸಲ "ಒಂದು... ಎರಡು..." ಎಂದು ಸುಮ್ಮನಾದೆ. ಲಾರಿ ಕೈಯಲ್ಲೇ ಇತ್ತು. ಅಮ್ಮನ ತುಟಿ ಆಡಿತು, ಕಣ್ಣಲ್ಲೇ ಬೇಡ ಎಂದೆ. ಮನಸ್ಸಿನಲ್ಲಿ ಎಣಿಸುತ್ತಾ ಇದ್ದೆ. ಐದು ಆಯಿತು, ಆರು ಆಯಿತು. ಹುಡುಗ ಲಾರಿ ನೋಡಿದ, ನನ್ನ ಕೈ ನೋಡಿದ. ಆಮೇಲೆ, ಮೊದಲ ಸಲ, ನನ್ನ ಮುಖ ನೋಡಿದ. "ಊ" ಎಂದ.

ಕೈ ಬಿಟ್ಟೆ. ಲಾರಿ ಹೋಯಿತು.

"ಬರೀ ಊ ಅಂದ ಅಷ್ಟೇ ಅಲ್ವಾ?" ಎಂದು ಅಪ್ಪ ಕೇಳಿದರು. ಬರೀ ಊ ಅಲ್ಲ. ಅದು "ಮೂರು" ಪದದ ಸ್ವರ. ಸರಿಯಾದ ಜಾಗದಲ್ಲಿ, ನನ್ನ ಮುಖ ನೋಡಿ, ಏನೋ ಆಗಲಿ ಎಂದು ಬಂದದ್ದು. ತನ್ನ ಬಾಯಿಂದ ಬಂದ ಸದ್ದಿಗೆ ಲಾರಿ ಹೊರಡುತ್ತದೆ ಎಂದು ಅವನಿಗೆ ಆಗ ಗೊತ್ತಾಯಿತು. ಸ್ಪಷ್ಟ ಉಚ್ಚಾರ ಆಮೇಲಿನ ಮಾತು.

ಗಾಡಿ ಆಟದಲ್ಲಿ ನಾನು ಕಲಿಸಬೇಕೆಂದಿರುವುದು ಮುಖ್ಯವಾಗಿ ಈ ನಿಲ್ಲಿಸುವುದನ್ನು. ಗಾಡಿ ಓಡುತ್ತಿದ್ದರೆ ಮಗುವಿಗೆ ಮಾತು ಬೇಕಾಗಿಲ್ಲ, ನೋಡುತ್ತಾ ಕೂತರೆ ಸಾಕು. ನಿಂತಾಗ ಏನಾದರೂ ಹೇಳಬೇಕಾಗುತ್ತದೆ. ಮೊಬೈಲಿನ ಗಾಡಿ ವಿಡಿಯೊದಿಂದ ಮಾತು ಬರದಿರಲು ಇದೇ ಕಾರಣ. ಅದು ಯಾರಿಗೂ ಕಾಯುವುದಿಲ್ಲ. ಕಾಯುವುದು ನಮಗೂ ಕಷ್ಟ ಬಿಡಿ. ಎರಡು ಸೆಕೆಂಡ್ ಮೌನ ಆದರೆ ಮನೆಯಲ್ಲಿ ಯಾರಾದರೂ ತುಂಬಿಸಿಬಿಡುತ್ತಾರೆ. ಹತ್ತರ ತನಕ ಎಣಿಸಿ. ಬಾಯಿ ಮುಚ್ಚಿ, ಮುಖದಲ್ಲಿ ಕುತೂಹಲ ಇಟ್ಟುಕೊಂಡು ಎಣಿಸಿ. ಆದರೂ ಏನೂ ಬರಲಿಲ್ಲವೇ? ನೀವೇ "ಮೂರು" ಎಂದು ಬಿಟ್ಟುಬಿಡಿ. ಹೇಳಿದರೆ ಮಾತ್ರ ಕೊಡುತ್ತೇನೆ ಎಂದು ಗಾಡಿಯನ್ನು ಒತ್ತೆ ಇಟ್ಟುಕೊಳ್ಳಬೇಡಿ. ಆಟ ಅಲ್ಲಿಗೇ ಕೆಡುತ್ತದೆ.

ಶುರುವಿಗೆ ಸದ್ದುಗಳೇ ಸಾಕು. ಪೊಂ ಪೊಂ, ಡುರ್, ಚುಕುಬುಕು, ಜೂಂಯ್. ಇವೆಲ್ಲ ಪದಗಳಾ ಎಂದು ಕೇಳುವವರಿದ್ದಾರೆ. ಮಗು ಪ್ರತಿ ಸಲವೂ ರೈಲಿಗೇ "ಕುಕುಕು" ಎಂದರೆ ನನ್ನ ಲೆಕ್ಕದಲ್ಲಿ ಅದು ಪದ. ಪ, ಬ, ಮ ಮೊದಲೇ ಬರುತ್ತವೆ, ತುಟಿ ಆಡುವುದು ಮಗುವಿಗೆ ಕಣ್ಣಿಗೇ ಕಾಣುತ್ತದಲ್ಲ. ರ ತಡ. ಲಾರಿ "ಲಾಯಿ" ಆಗುತ್ತದೆ, ರೈಲು "ಲೈಲು" ಆಗುತ್ತದೆ. ಎರಡು ವರ್ಷದ ಮಗುವಿಗೆ ಅದು ತಪ್ಪೇ ಅಲ್ಲ.

ಕನ್ನಡ ಇಲ್ಲಿ ನಮಗೊಂದು ಉಪಕಾರ ಮಾಡಿದೆ. ಇಂಗ್ಲಿಷಿನ ಬಸ್, ಕಾರ್, ಬೈಕ್ ನಮ್ಮ ಬಾಯಿಗೆ ಬಿದ್ದು ಬಸ್ಸು, ಕಾರು, ಬೈಕು ಆದವು. ಎಳೆ ಬಾಯಿಗೆ ವ್ಯಂಜನದಲ್ಲಿ ಪದ ಮುಗಿಸುವುದು ಕಷ್ಟ, ಸ್ವರದಲ್ಲಿ ಮುಗಿಸುವುದು ಸಲೀಸು. ಹಾಗಾಗಿ "ಬಚ್ಚು" ಎನ್ನುವ ಮಗು ಚೆನ್ನಾಗಿಯೇ ಹೇಳುತ್ತಿದೆ. ಬೆಂಗಳೂರಿನ ಕೆಲವು ಮನೆಗಳಲ್ಲಿ "ಬಸ್ಸು ಅಲ್ಲ, ಬಸ್ ಅನ್ನು" ಎಂದು ತಿದ್ದುತ್ತಾರೆ. ಬೇಡ. ಜೆಸಿಬಿಯೂ ಹಾಗೇ. ಉದ್ದದ ಹೆಸರು ಅನಿಸುತ್ತದೆ, ಆದರೆ ಜೇ, ಸೀ, ಬೀ ಮೂರೂ ಸ್ವರದಲ್ಲೇ ಮುಗಿಯುತ್ತವೆ. "ಟ್ರ್ಯಾಕ್ಟರ್" ಮಾತ್ರ ಶುದ್ಧ ಕಿರುಕುಳ. ಅದನ್ನು "ಡುರ್ ಗಾಡಿ" ಎಂದು ಕರೆದರೆ ಯಾರಿಗೂ ನಷ್ಟವಿಲ್ಲ.

ನನ್ನ ಮೆಚ್ಚಿನ ಆಟ ಬಸ್ ಕಂಡಕ್ಟರ್ ಆಟ. ಬಟ್ಟೆ ಬುಟ್ಟಿಯಲ್ಲಿ ಮಗುವನ್ನು ಕೂರಿಸಿ. ಮಗು ಕಂಡಕ್ಟರ್, ನೀವು ಡ್ರೈವರ್. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ "ರೈಟ್ ರೈಟ್" ಎನ್ನುವ ತನಕ ಡ್ರೈವರ್ ಹೊರಡುವುದಿಲ್ಲ, "ಹೋಲ್ಡಾನ್" ಎಂದ ಕೂಡಲೇ ನಿಲ್ಲಿಸುತ್ತಾನೆ. ಮಾತಿನ ತರಬೇತಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗಂತೂ ಹೊಳೆದಿಲ್ಲ. ಒಂದು ಪದಕ್ಕೆ ಗಾಡಿ ಹೊರಡುತ್ತದೆ, ಇನ್ನೊಂದಕ್ಕೆ ನಿಲ್ಲುತ್ತದೆ. ಮನೆಯಲ್ಲಿ ಎಲ್ಲರ ಮಾತು ಕೇಳಬೇಕಾದ ಪುಟ್ಟ ಜೀವಕ್ಕೆ ಒಂದಷ್ಟು ಹೊತ್ತು ದೊಡ್ಡವರನ್ನು ಓಡಿಸುವ ಅಧಿಕಾರ ಸಿಗುತ್ತದೆ. "ಐಟ್" ಎಂದರೂ ಹೊರಡಿ.

ಇಲ್ಲೊಂದು ಹಳ್ಳ ಇದೆ, ತುಂಬಾ ಜನ ಬೀಳುತ್ತಾರೆ. ಮಗು ಗಾಡಿಗಳ ಹೆಸರು ಹೇಳತೊಡಗಿದ ಕೂಡಲೇ ಮನೆಯವರಿಗೆ ಹುರುಪು ಬರುತ್ತದೆ. ಕ್ರೇನ್, ರೋಡ್ ರೋಲರ್, ಆಂಬುಲೆನ್ಸ್ ಎಂದು ಚಾರ್ಟ್ ತಂದು ಗೋಡೆಗೆ ಅಂಟಿಸುತ್ತಾರೆ. ಇಪ್ಪತ್ತು ಗಾಡಿಯ ಹೆಸರು ಹೇಳುವ ಮಗು ನನ್ನ ಬಳಿಗೆ ಬರುತ್ತದೆ, ಆದರೆ ನೀರು ಬೇಕಾದರೆ ಅಮ್ಮನ ಕೈ ಹಿಡಿದು ಎಳೆಯುತ್ತದೆ. ಹೆಸರುಗಳ ಪಟ್ಟಿ ಮಾತಲ್ಲ. ಗಾಡಿಯ ಜೊತೆಗೆ ಬರಬೇಕಾದವು ಸಣ್ಣ ಪದಗಳು: ಬಾ, ಹೋಯ್ತು, ಬಿತ್ತು, ಬೇಕು, ಸಾಕು, ಇನ್ನೂ, ಮೇಲೆ, ಒಳಗೆ. ಮಗು "ಬಚ್ಚು" ಎಂದರೆ ನೀವು "ಹೂಂ, ಬಸ್ಸು ಬಂತು" ಎನ್ನಿ. ಒಂದೇ ಪದ ಸೇರಿಸಿ, ಸಾಕು. "ಬಸ್ಸು ಬಂತು" ಎಂದರೆ "ದೊಡ್ಡ ಬಸ್ಸು ಬಂತು" ಎನ್ನಿ. ಅದನ್ನೇ ತಿರುಗಿ ಹೇಳು ಎಂದು ಒತ್ತಾಯಿಸಬೇಡಿ. ಕೇಳಿಸಿಕೊಂಡಿರುತ್ತದೆ.

ಗಾಡಿಯಾಚೆಗೆ ಕರೆದೊಯ್ಯಲು ನಾನು ತರಕಾರಿ ಬುಟ್ಟಿಯ ಮೊರೆ ಹೋಗುತ್ತೇನೆ. ಬಸ್ಸಿಗೆ ಪ್ರಯಾಣಿಕರು ಬೇಕಲ್ಲ! ಈರುಳ್ಳಿ ಹತ್ತುತ್ತದೆ. ಬದನೆಕಾಯಿ ಓಡಿ ಬಂದು ಬಸ್ ತಪ್ಪಿಸಿಕೊಳ್ಳುತ್ತದೆ. ಆಲೂಗಡ್ಡೆ ದಪ್ಪ, ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ, ತಳ್ಳಬೇಕು. ಈಗ ಮಗುವಿನ ಬಾಯಲ್ಲಿ "ಹತ್ತು", "ಇಳಿ", "ತಳ್ಳು" ಬರಲು ಕಾರಣ ಇದೆ. ಆಮೇಲೆ ಅದೇ ಆಲೂಗಡ್ಡೆ ಸಾಂಬಾರಿಗೆ ಹೋಗುತ್ತದೆ, ಅಲ್ಲೂ "ಒಳಗೆ ಹೋಯ್ತು" ಎನ್ನಬಹುದು. ಆಟಿಕೆಗೆ ದುಡ್ಡು ಸುರಿಯಬೇಕಿಲ್ಲ. ಚನ್ನಪಟ್ಟಣದ ಮರದ ಬಂಡಿ ಇದ್ದರೆ ಚೆಂದ. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿದರೂ ನಡೆಯುತ್ತದೆ. ಬ್ಯಾಟರಿ ಹಾಕಿ ತಾನೇ ಕಿರುಚುವ ಗಾಡಿ ಮಾತ್ರ ಬೇಡ. ಮಗು ಮಾಡಬೇಕಾದ ಸದ್ದನ್ನೆಲ್ಲ ಅದೇ ಮಾಡಿಬಿಡುತ್ತದೆ.

ಬೀದಿಯಲ್ಲೂ ಪುಕ್ಕಟೆ ಪಾಠ ಇದೆ. ಬೆಳಿಗ್ಗೆ ಕಸದ ಗಾಡಿಯ ಹಾಡು ದೂರದಲ್ಲಿ ಕೇಳಿದಾಗ ತಕ್ಷಣ ಹೇಳಬೇಡಿ. ಕಿವಿಗೆ ಕೈ ಇಟ್ಟು ಮಗುವಿನ ಮುಖ ನೋಡಿ. ಬಾಗಿಲ ಹತ್ತಿರ ಹೋಗಿ ನಿಂತು, ಬಾಗಿಲು ತೆರೆಯುವ ಮೊದಲು ಕಾಯಿರಿ. ಗಾಡಿ ಬಂದಾಗ "ಬಂತು", ಮೂಲೆ ತಿರುಗಿದಾಗ "ಹೋಯ್ತು, ಟಾಟಾ". ದಿನವೂ ಅದೇ ಹೊತ್ತು, ಅದೇ ಮಾತು.

ಇನ್ನು ಎಚ್ಚರಿಕೆಯ ಮಾತು. "ಹಾರ್ನ್‌ಗೆ ತಿರುಗ್ತಾನೆ, ಕಿವಿ ಚೆನ್ನಾಗಿದೆ" ಎನ್ನುತ್ತಾರೆ. ಹಾರ್ನ್ ಜೋರಾದ ಸದ್ದು. ಅದು ಕೇಳಿಸಿದ ಮಾತ್ರಕ್ಕೆ ಸ, ಶ ತರಹದ ಮೆಲುವಾದ ಧ್ವನಿಗಳು ಕೇಳಿಸುತ್ತಿವೆ ಎಂದಲ್ಲ. ಮಾತು ತಡವಾದರೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಚಕ್ರ ತಿರುಗಿಸುತ್ತಾ ಕೂರುವುದನ್ನು, ಕಾರು ಸಾಲಾಗಿ ಜೋಡಿಸುವುದನ್ನು ಕಂಡು ಆಟಿಸಂ ಎಂದು ಗೂಗಲ್ ನೋಡಿ ಹೆದರಿ ಬರುವವರೂ ಇದ್ದಾರೆ. ಅದೊಂದರಿಂದಲೇ ಏನೂ ಹೇಳಲಾಗದು. ನಾನು ಕೇಳುವುದು ಬೇರೆ: ಆಕಾಶದಲ್ಲಿ ವಿಮಾನ ಹೋದರೆ ಬೆರಳು ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಒಂದೂವರೆ ವರ್ಷವಾದರೂ ಇವು ಇಲ್ಲದಿದ್ದರೆ, ಆಗಲೂ ಒಂದು ಪದವೂ ಬರದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ, ಅಥವಾ ಬಂದ ಮಾತು ಹೋಗಿಬಿಟ್ಟರೆ ಕಾಯಬೇಡಿ. "ಇವ್ನ ಅಪ್ಪಾನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂಬ ಸಮಾಧಾನವೂ ಬೇಡ, ನಾಲಿಗೆಗೆ ಬಜೆ ತಿಕ್ಕಿ ತಿಂಗಳು ಕಳೆಯುವುದೂ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ, ಎಲ್ಲಿದೆ ಎಂದು ಕೇಳಿ.

ಆ ಹುಡುಗನ ಗಾಡಿಗಳು ಅಟ್ಟದಿಂದ ಇಳಿದವು. ಆರನೇ ವಾರದಲ್ಲಿ ಅವನ ಅಮ್ಮ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಅಜ್ಜಿ ನಡುಮನೆಯಿಂದ ಅಡುಗೆಮನೆಗೆ ಹೊರಟಿದ್ದರಂತೆ. ಹಿಂದಿನಿಂದ "ಓಡಾನ್!" ಎಂದು ಕೂಗಿದ್ದಾನೆ. ಅಜ್ಜಿ ಅಲ್ಲೇ ಬ್ರೇಕ್ ಹಾಕಿ ನಿಂತರು, ತಿರುಗಿ ನೋಡಿದರು, ಏನೂ ಕೇಳದೆ ಕಾದರು. ಕಾಯುವುದನ್ನು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ಅವರೇ. ಹುಡುಗ ಹತ್ತಿರ ಬಂದು ಸೆರಗು ಹಿಡಿದ. ಈ ಸಲ ಎಳೆಯಲಿಲ್ಲ. "ಅಜ್ಜಿ, ನೀಯು" ಎಂದ.